ಪರಮಾದೇಶ
ಕಾನೂನು ಹೊರಿಸಿದ ಸಾರ್ವಜನಿಕ ಕರ್ತವ್ಯವನ್ನು ನೆರವೇರಿಸುವಂತೆ ಸರ್ಕಾರ, ಅಧಿಕಾರಿ ಅಥವಾ ಸ್ಥಳೀಯ ಸಂಸ್ಥೆಗೆ ಉಚ್ಚ ನ್ಯಾಯಾಲಯ ಇಲ್ಲವೆ ಸರ್ವೋಚ್ಚ ನ್ಯಾಯಾಲಯ ಹೊರಡಿಸುವ ರಿಟ್. ಮ್ಯಾಂಡಮಸ್ ಎಂದೂ ಹೆಸರು. ಮೂಲ ಇಂಗ್ಲೆಂಡಿನ ರಾಜಾಜ್ಞೆ. ಬ್ರಿಟಿಷ್ ಭಾರತದಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ಉಚ್ಚ ನ್ಯಾಯಾಲಯಗಳಿಗಷ್ಟೇ ಇದ್ದ ರಿಟ್ ಅಧಿಕಾರವನ್ನು 1950ರಲ್ಲಿ ಸಂವಿಧಾನದ 226ನೆಯ ವಿಧಿ ಎಲ್ಲ ಉಚ್ಚ ನ್ಯಾಯಾಲಯಗಳಿಗೂ ವಿಸ್ತರಿಸಿತು.

ಕೆಳ ನ್ಯಾಯಾಲಯಗಳಿಗೆ, ಉದಾಹರಣೆಗೆ ಚಿತ್ರದುರ್ಗ ಜಿಲ್ಲೆಯ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನ್ಯಾಯಾಲಯಗಳಿಗೆ, ಈ ಅಧಿಕಾರವಿಲ್ಲ. ಆ ಜಿಲ್ಲೆಯ ರಿಟ್ ಅರ್ಜಿಗಳು ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕಲ್ಲ, ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರುತ್ತವೆ.

ಅರ್ಜಿದಾರನಿಗೆ ಕಾನೂನುಬದ್ಧ ಹಕ್ಕು, ಎದುರುದಾರನಿಗೆ ಅದಕ್ಕೆ ತಕ್ಕ ಕರ್ತವ್ಯ ಇರಬೇಕು. ಸಾಮಾನ್ಯವಾಗಿ ಮೊದಲು ಸಂಬಂಧಿಸಿದ ಅಧಿಕಾರಿಗೆ ಮನವಿ ಸಲ್ಲಿಸಿರಬೇಕು. ಮನವಿಯನ್ನು ತಹಶೀಲ್ದಾರರು ವಿಲೇವಾರಿ ಮಾಡದೆ ಇಟ್ಟುಕೊಂಡಿದ್ದರೆ ನಿಗದಿತ ಅವಧಿಯಲ್ಲಿ ತೀರ್ಮಾನಿಸಲು ನಿರ್ದೇಶನ ದೊರೆಯಬಹುದು. ತೀರ್ಮಾನ ಹೀಗೇ ಇರಬೇಕೆಂಬ ಆದೇಶ ಅಪರೂಪ. ಈ ಭೇದವೇ ವಿಷಯದ ತಿರುಳು. ಮೈಸೂರು ರಾಜ್ಯ ವಿರುದ್ಧ ಸೈಯದ್ ಮಹಮೂದ್ ಪ್ರಕರಣದಲ್ಲಿ (1968) ಸರ್ವೋಚ್ಚ ನ್ಯಾಯಾಲಯ, ನೌಕರರ ಬಡ್ತಿಯನ್ನು ಪರಿಶೀಲಿಸಲು ಸರ್ಕಾರಕ್ಕೆ ಹೇಳಬಹುದಿತ್ತೇ ಹೊರತು ಬಡ್ತಿ ನೀಡಿಯೇ ತೀರುವಂತೆ ಉಚ್ಚ ನ್ಯಾಯಾಲಯ ಮೊದಲಿಗೇ ಆದೇಶಿಸಬಾರದಿತ್ತು ಎಂದಿತು.

ಅತಿವಿಳಂಬ, ಸತ್ಯಾಂಶ ಮರೆಮಾಚುವಿಕೆ, ಸಾಕ್ಷ್ಯ ವಿಚಾರಣೆ ಬೇಡುವ ವಿವಾದ, ಕೇವಲ ಖಾಸಗಿ ಕರಾರು – ಇವು ರಿಟ್ ನಿರಾಕರಣೆಗೆ ಕಾರಣಗಳು. ಪರ್ಯಾಯ ಪರಿಹಾರವಿದ್ದರೂ ಹಾಗೆಯೇ: ಪಹಣಿ ಬದಲಾವಣೆಯ ಆದೇಶದ ಮೇಲೆ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿಯುಂಟು. ಮೂಲಭೂತ ಹಕ್ಕು ಅಥವಾ ಸಹಜ ನ್ಯಾಯದ ಉಲ್ಲಂಘನೆ, ಅಧಿಕಾರವ್ಯಾಪ್ತಿಯ ಅಭಾವ ಪರ್ಯಾಯ ಪರಿಹಾರದ ಈ ನಿಯಮಕ್ಕೆ ಅಪವಾದಗಳು. ಏಕಸದಸ್ಯ ಪೀಠದ ಆದೇಶದ ವಿರುದ್ಧ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ ಸಲ್ಲುತ್ತದೆ.