ಹಡಗು ಮಾಯವಾಗಿ ಕಾಲ ದಾಟಿತೇ? ಫಿಲಡೆಲ್ಫಿಯಾ ಫಾರ್ವರ್ಡ್‌ನ ಹಿಂದಿರುವ ಸಿನಿಮಾ

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಓದುಗರೊಬ್ಬರು ನಮಗೆ ಒಂದು ವಿಡಿಯೊ ಕಳಿಸಿದ್ದರು. ಎರಡು ನಿಮಿಷದ್ದು. ಮೊದಲು ಹಸಿರು ಮಂಜಿನಲ್ಲಿ ಯುದ್ಧದ ಹಡಗೊಂದು ಕರಗಿ ಹೋಗುತ್ತದೆ. ಆಮೇಲೆ ಅಮೆರಿಕದ ನೆಲದಲ್ಲಿ ನಾಜಿ ಬಾವುಟ, ಕರಿ ಬಣ್ಣದ ಒಂದು ಯುದ್ಧವಿಮಾನ. ಮೇಲೆ ಕನ್ನಡದಲ್ಲಿ ಓದಿರುವ ಧ್ವನಿ: '1943ರಲ್ಲಿ ಐನ್‌ಸ್ಟೀನ್ ಸೂತ್ರ ಬಳಸಿ ಅಮೆರಿಕ ಒಂದು ಹಡಗನ್ನೇ ಕಾಲದಲ್ಲಿ ಕಳಿಸಿತು, ಈ ಸತ್ಯವನ್ನು ಮುಚ್ಚಿಟ್ಟಿದ್ದಾರೆ, ಎಲ್ಲರಿಗೂ ತಲುಪಿಸಿ.' ಕೆಳಗೆ ಓದುಗರ ಪ್ರಶ್ನೆ: 'ನಮ್ಮಪ್ಪ ಇದನ್ನ ನಿಜ ಅಂತಲೇ ಅಂದ್ಕೊಂಡವ್ರೆ. ಈಗ ಅದೇ ಗ್ರೂಪಲ್ಲಿ ವಯಸ್ಸು ಹಿಂದಕ್ಕೆ ಹೋಗೋ ಮಷೀನ್ ಅಂತ ಇನ್ನೊಂದು ಬಂದದೆ. ಸ್ವಲ್ಪ ಬಿಡಿಸಿ ಹೇಳಿ.'

ಎರಡನೇ ಪ್ರಶ್ನೆಯಲ್ಲಿ ದುಡ್ಡಿನ ಮಾತಿದೆ, ಅದಕ್ಕೆ ಕೊನೆಯಲ್ಲಿ ಬರುತ್ತೇವೆ. ಮೊದಲು ಹಡಗು.

ವಿಡಿಯೊವನ್ನು ಮೂರು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದೆವು. ಉತ್ತರಕ್ಕೆ ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಇವು ಎರಡು ಬೇರೆ ಬೇರೆ ಹಾಲಿವುಡ್ ಸಿನಿಮಾಗಳ ತುಣುಕುಗಳು. ಹಡಗು ಕರಗುವುದು 1984ರ 'ದಿ ಫಿಲಡೆಲ್ಫಿಯಾ ಎಕ್ಸ್‌ಪೆರಿಮೆಂಟ್' ಚಿತ್ರದ್ದು. ನಾಜಿ ಬಾವುಟ ಮತ್ತು ಕರಿ ವಿಮಾನ ಅದರ ಎರಡನೇ ಭಾಗ, 1993ರ 'ಫಿಲಡೆಲ್ಫಿಯಾ ಎಕ್ಸ್‌ಪೆರಿಮೆಂಟ್ 2' ಚಿತ್ರದ್ದು. ಯಾರೋ ಎರಡನ್ನೂ ಅಂಟಿಸಿ, ಬಣ್ಣ ಮಾಸಿದ ಹಳೆಯ ರೀಲಿನ ಹಾಗೆ ಕಾಣುವಂತೆ ಮಾಡಿ, ದನಿ ಸೇರಿಸಿದ್ದಾರೆ.

ಎರಡನೇ ಭಾಗದ ಕಥೆ ಏನು?

ಸ್ಟೀಫನ್ ಕಾರ್ನ್‌ವೆಲ್ ನಿರ್ದೇಶನದ ಈ ಎರಡನೇ ಭಾಗ ಕಡಿಮೆ ಬಜೆಟ್ಟಿನ ಆ್ಯಕ್ಷನ್ ಚಿತ್ರ. ಮೊದಲ ಭಾಗದಲ್ಲಿ 1943ರ ನಾವಿಕರು 1984ಕ್ಕೆ ಬಂದು ಬೀಳುತ್ತಾರೆ. ಅವರಲ್ಲಿ ಡೇವಿಡ್ ಎಂಬವನು ಅಲ್ಲೇ ಉಳಿದುಬಿಡುತ್ತಾನೆ. ಎರಡನೇ ಭಾಗದಲ್ಲಿ ಆ ಪಾತ್ರವನ್ನು ಬ್ರ್ಯಾಡ್ ಜಾನ್ಸನ್ ಮಾಡಿದ್ದಾರೆ. ಮೊದಲ ಭಾಗದ ನಾಯಕ ಮೈಕಲ್ ಪಾರೆ ಇದರಲ್ಲಿಲ್ಲ. ಅಣುಬಾಂಬ್ ಹೊತ್ತ ಎಫ್-117 ಸ್ಟೆಲ್ತ್ ವಿಮಾನವೊಂದು ಪ್ರಯೋಗ ಎಡವಟ್ಟಾಗಿ 1943ರ ಜರ್ಮನಿಗೆ ಹೋಗಿ ಬೀಳುತ್ತದೆ. ಹಿಟ್ಲರ್ ಕೈಗೆ ಅದು ಸಿಗುತ್ತದೆ, ವಾಷಿಂಗ್ಟನ್ ಸುಟ್ಟುಹೋಗುತ್ತದೆ, ಯುದ್ಧವನ್ನು ಜರ್ಮನಿ ಗೆಲ್ಲುತ್ತದೆ. ಡೇವಿಡ್ ಬೆಳಿಗ್ಗೆ ಎದ್ದು ನೋಡಿದರೆ ಇಡೀ ದೇಶ ನಾಜಿಗಳ ಕೈಯಲ್ಲಿದೆ. ಅವನು ಹಿಂದಕ್ಕೆ ಹೋಗಿ ಅದನ್ನು ತಡೆಯಬೇಕು.

ಸಿನಿಮಾ ಅಷ್ಟೇನೂ ಚೆನ್ನಾಗಿಲ್ಲ. ಆದರೆ ಇಂಥ ಚಿತ್ರಗಳಿಗೆ ಕಾಲಪ್ರಯಾಣ ಯಾಕೆ ಇಷ್ಟ ಎನ್ನುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಬಾಹ್ಯಾಕಾಶದ ಯುದ್ಧ ತೋರಿಸಬೇಕಾದರೆ ಕೋಟಿಗಟ್ಟಲೆ ಬೇಕು. ಕಾಲ ಬದಲಾಗಿದೆ ಎಂದು ತೋರಿಸಲು ಅದೇ ಬೀದಿಯಲ್ಲಿ ಬೇರೆ ಬಾವುಟ ಕಟ್ಟಿದರೂ ಸಾಕು. 1991ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ತೆಲುಗಿನಲ್ಲಿ ಮಾಡಿದ 'ಆದಿತ್ಯ 369' ಕೃಷ್ಣದೇವರಾಯನ ವಿಜಯನಗರಕ್ಕೇ ಹೋಗುತ್ತದೆ, ಅದಕ್ಕೆ ಅರಮನೆ, ದರ್ಬಾರು ಎಲ್ಲ ಕಟ್ಟಬೇಕಾಯಿತು. ರಾಜ್‌ಕುಮಾರ್ ಅವರ 'ಹಾಲು ಜೇನು', 'ಚಲಿಸುವ ಮೋಡಗಳು' ನಿರ್ದೇಶಿಸಿದವರೇ ಇವರು ಎಂದರೆ ನಮ್ಮ ಅನೇಕ ಓದುಗರು ನಂಬುವುದಿಲ್ಲ. ಕನ್ನಡದಲ್ಲಿ 2024ರ ಮಾರ್ಚ್ 8ಕ್ಕೆ ಬಂದ 'ಬ್ಲಿಂಕ್' ನೋಡಿ. ಶ್ರೀನಿಧಿ ಬೆಂಗಳೂರು ನಿರ್ದೇಶನ, ದೀಕ್ಷಿತ್ ಶೆಟ್ಟಿ ನಾಯಕ. ದೊಡ್ಡ ಯಂತ್ರವಿಲ್ಲ, ಗ್ರಾಫಿಕ್ಸಿನ ಅಬ್ಬರವಿಲ್ಲ. ಕಣ್ಣಿನ ರೆಪ್ಪೆ ಮಿಟುಕಿಸುವುದಕ್ಕೂ ಕಾಲಪ್ರಯಾಣಕ್ಕೂ ಒಂದು ಗಂಟು ಹಾಕಿ ಇಡೀ ಕಥೆ ನಡೆಸಿದ್ದಾರೆ. ನಮಗೆ ಇಷ್ಟವಾದ ಚಿತ್ರ. (ಹಾಗೆಂದು ರೆಪ್ಪೆ ಮಿಟುಕಿಸದೆ ಕೂರುವ ಸ್ಪರ್ಧೆ ಬೇಡ. ದೊಡ್ಡವರು ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಸಲ ಮಿಟುಕಿಸುತ್ತಾರೆ, ಕಣ್ಣು ಒಣಗದೆ ಇರುವುದು ಅದರಿಂದ. ಮೊಬೈಲ್ ನೋಡುವಾಗ ಈ ಲೆಕ್ಕ ಹೇಗೂ ಕಡಿಮೆಯಾಗಿರುತ್ತದೆ.)

ಸಿನಿಮಾ ಸುಳ್ಳು ಸರಿ, ಹಡಗು?

ಇಲ್ಲಿ ಫಾರ್ವರ್ಡ್ ಮಾಡಿದವರಿಗೆ ಒಂದು ಅನುಕೂಲವಿದೆ. ಹಡಗು ನಿಜವಾಗಿಯೂ ಇತ್ತು. ಹೆಸರು ಯುಎಸ್‌ಎಸ್ ಎಲ್ಡ್ರಿಜ್. 1943ರ ಆಗಸ್ಟ್ 27ರಂದು ಅಮೆರಿಕದ ನೌಕಾಪಡೆಗೆ ಸೇರಿತು. ಕಥೆಯ ಪ್ರಕಾರ ಅದೇ ವರ್ಷ ಅಕ್ಟೋಬರ್ 28ರಂದು ಫಿಲಡೆಲ್ಫಿಯಾದ ಹಡಗುಕಟ್ಟೆಯಲ್ಲಿ ಅದು ಮಾಯವಾಗಿ, ಮುನ್ನೂರು ಕಿಲೋಮೀಟರಿಗಿಂತ ದೂರದ ನಾರ್ಫೋಕ್‌ನಲ್ಲಿ ಕಾಣಿಸಿಕೊಂಡು, ಮತ್ತೆ ವಾಪಸ್ ಬಂತು.

ನೌಕಾಪಡೆಯ ದಾಖಲೆ ಬೇರೆಯದನ್ನೇ ಹೇಳುತ್ತದೆ. ಎಲ್ಡ್ರಿಜ್ ಸೆಪ್ಟೆಂಬರ್‌ನಲ್ಲಿ ತರಬೇತಿಗೆಂದು ಬರ್ಮುಡಾ ಕಡೆಗೆ ಹೋಯಿತು. ಅಲ್ಲಿಂದ ಹೊರಟು ಅಕ್ಟೋಬರ್ 18ಕ್ಕೆ ನ್ಯೂಯಾರ್ಕಿಗೆ ಬಂದು ನವೆಂಬರ್ 1ರವರೆಗೆ ಅಲ್ಲೇ ಇತ್ತು. ಅಂದರೆ 'ಮಾಯವಾದ' ದಿನ ಹಡಗು ಫಿಲಡೆಲ್ಫಿಯಾದಲ್ಲೇ ಇರಲಿಲ್ಲ. ಯುದ್ಧ ಮುಗಿದ ಮೇಲೆ, 1951ರಲ್ಲಿ ಅದನ್ನು ಗ್ರೀಸ್ ದೇಶಕ್ಕೆ ಕೊಟ್ಟರು. ಅಲ್ಲಿ 'ಲಿಯೋನ್' ಎಂಬ ಹೆಸರಿನಲ್ಲಿ ದಶಕಗಳ ಕಾಲ ದುಡಿದು ಕೊನೆಗೆ ಗುಜರಿಗೆ ಹೋಯಿತು. ಕಾಲ ದಾಟಿದ ಹಡಗನ್ನು ಯಾರಾದರೂ ಇನ್ನೊಂದು ದೇಶಕ್ಕೆ ಕೊಡುತ್ತಾರೆಯೇ ಎಂದು ನಾವೂ ಕೇಳಿಕೊಂಡೆವು. 1999ರಲ್ಲಿ ಆ ಹಡಗಿನ ಹಳೆಯ ನಾವಿಕರು ಒಂದು ಕಡೆ ಸೇರಿದ್ದಾಗ ಪತ್ರಿಕೆಯವರು ಇದನ್ನೇ ಕೇಳಿದರು. ಹಾಗೇನೂ ಆಗಲಿಲ್ಲ, ಹಡಗು ಫಿಲಡೆಲ್ಫಿಯಾಕ್ಕೆ ಹೋಗಿಯೇ ಇರಲಿಲ್ಲ ಎಂದರು ಅವರು.

ಹಾಗಾದರೆ ಕಥೆ ಹುಟ್ಟಿದ್ದೆಲ್ಲಿ? 1955ರಲ್ಲಿ ಮಾರಿಸ್ ಜೆಸಪ್ ಎಂಬವರು ಹಾರುವ ತಟ್ಟೆಗಳ ಬಗ್ಗೆ ಒಂದು ಪುಸ್ತಕ ಬರೆದರು. ಅದನ್ನು ಓದಿದ ಒಬ್ಬ ವ್ಯಕ್ತಿ ಕಾರ್ಲೋಸ್ ಅಯೆಂಡೆ ಎಂಬ ಹೆಸರಿನಲ್ಲಿ ಅವರಿಗೆ ವಿಚಿತ್ರ ಪತ್ರಗಳನ್ನು ಬರೆಯತೊಡಗಿದ. ಹಡಗು ಮಾಯವಾಗಿದ್ದನ್ನು ಇನ್ನೊಂದು ಹಡಗಿನಿಂದ ಕಣ್ಣಾರೆ ಕಂಡೆ ಎಂದ. ಪುರಾವೆ ಒಂದೂ ಕೊಡಲಿಲ್ಲ. ಆ ಪತ್ರಗಳನ್ನು ಹಿಡಿದುಕೊಂಡು 1979ರಲ್ಲಿ ವಿಲಿಯಂ ಮೂರ್ ಮತ್ತು ಚಾರ್ಲ್ಸ್ ಬರ್ಲಿಟ್ಜ್ ಒಂದು ಪುಸ್ತಕ ತಂದರು. ಬರ್ಮುಡಾ ತ್ರಿಕೋನದ ಕಥೆಯನ್ನು ಮನೆಮನೆಗೆ ಮುಟ್ಟಿಸಿದ ಬರ್ಲಿಟ್ಜ್ ಇವರೇ. ಪುಸ್ತಕದ ಬೆನ್ನಿಗೆ ಸಿನಿಮಾ, ಸಿನಿಮಾದ ಬೆನ್ನಿಗೆ ಎರಡನೇ ಭಾಗ, ಈಗ ಅದರ ತುಣುಕು ಪುರಾವೆಯಾಗಿ ನಮ್ಮ ಫೋನಿಗೆ. ಪತ್ರದಿಂದ ಹುಟ್ಟಿದ ಸಿನಿಮಾವನ್ನೇ ಪತ್ರಕ್ಕೆ ಸಾಕ್ಷಿ ಮಾಡಿದ್ದಾರೆ ನೋಡಿ.

ಕಥೆಯೊಳಗೆ ಎರಡು ನಿಜದ ಎಳೆಗಳಿವೆ. ಆಗ ಸಮುದ್ರದಲ್ಲಿ ಜರ್ಮನಿಯವರು ಕಾಂತೀಯ ಮೈನ್‌ಗಳನ್ನು ಇಡುತ್ತಿದ್ದರು. ಕಬ್ಬಿಣದ ಹಡಗು ಹತ್ತಿರ ಬಂದರೆ ಅದರ ಕಾಂತಕ್ಷೇತ್ರಕ್ಕೆ ಮೈನ್ ಸಿಡಿಯುತ್ತಿತ್ತು. ಅದಕ್ಕೆ ಹಡಗಿನ ಸುತ್ತ ದಪ್ಪ ಕೇಬಲ್ ಸುತ್ತಿ ಕರೆಂಟ್ ಹರಿಸಿ ಹಡಗಿನ ಕಾಂತಕ್ಷೇತ್ರವನ್ನು ಅಳಿಸುತ್ತಿದ್ದರು. ಹಡಗು ಮೈನ್‌ಗೆ 'ಕಾಣುತ್ತಿರಲಿಲ್ಲ', ಮನುಷ್ಯರಿಗೆ ಕಾಣುತ್ತಿತ್ತು. ಎರಡನೆಯದು ಐನ್‌ಸ್ಟೀನ್. ಯುದ್ಧದ ಕಾಲದಲ್ಲಿ ಅವರು ಅಮೆರಿಕದ ನೌಕಾಪಡೆಗೆ ಸಲಹೆಗಾರರಾಗಿದ್ದುದು ಹೌದು, ಸ್ಫೋಟಕಗಳ ಬಗ್ಗೆ. ಫಾರ್ವರ್ಡ್ ಹೇಳುವ 'ಏಕೀಕೃತ ಕ್ಷೇತ್ರ ಸಿದ್ಧಾಂತ'ವನ್ನು ಅವರು 1955ರಲ್ಲಿ ತೀರಿಕೊಳ್ಳುವವರೆಗೂ ಮುಗಿಸಲಾಗಲಿಲ್ಲ. ಇನ್ನು ಎಫ್-117ರ ಮಾತು: ಅದನ್ನು ಅಮೆರಿಕ ಮುಚ್ಚಿಟ್ಟಿದ್ದೂ ನಿಜ, 1988ರಲ್ಲಿ ತಾನೇ ಒಪ್ಪಿಕೊಂಡಿದ್ದೂ ನಿಜ. ಸ್ಟೆಲ್ತ್ ಎಂದರೆ ರೇಡಾರಿಗೆ ಸುಲಭಕ್ಕೆ ಸಿಗದ ವಿಮಾನ ಎಂದಷ್ಟೇ ಅರ್ಥ.

ಕಾಲಪ್ರಯಾಣ ಎನ್ನುವುದೇ ಇಲ್ಲವೇ?

ಇದೆ, ಆದರೆ ಒಂದೇ ದಿಕ್ಕಿಗೆ, ಅದೂ ಚಿಟಿಕೆಯಷ್ಟು. ಐನ್‌ಸ್ಟೀನ್ 1905ರಲ್ಲಿ ಹೇಳಿದ್ದು ಇದು: ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗಿ ನಡೆಯುತ್ತದೆ. 1971ರಲ್ಲಿ ಹಾಫಲ್ ಮತ್ತು ಕೀಟಿಂಗ್ ಎಂಬಿಬ್ಬರು ಪರಮಾಣು ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕರ ವಿಮಾನದ ಸೀಟಿನಲ್ಲಿಟ್ಟು ಭೂಮಿ ಸುತ್ತಿಸಿದರು. ಪೂರ್ವಕ್ಕೆ ಹೋದ ಗಡಿಯಾರ ಸುಮಾರು 59 ನ್ಯಾನೊಸೆಕೆಂಡ್ ಹಿಂದೆ ಬಿತ್ತು. ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಒಟ್ಟು 803 ದಿನ ಬಾಹ್ಯಾಕಾಶದಲ್ಲಿ ಕಳೆದ ರಷ್ಯಾದ ಸೆರ್ಗೆ ಕ್ರಿಕಲೆವ್ ನಮಗಿಂತ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಮುಂದಕ್ಕೆ ಬಂದಿದ್ದಾರೆ. ಮನುಷ್ಯರು ಮಾಡಿದ ಕಾಲಪ್ರಯಾಣ ಹೆಚ್ಚೂಕಡಿಮೆ ಇಷ್ಟೇ.

ಇದಕ್ಕೆ ಮಂಡ್ಯದ ಜನ ಹೆಮ್ಮೆಪಡಬಹುದಾದ ಒಂದು ಕೊಂಡಿ ಇದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ 1902ರಲ್ಲಿ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಗಣಿ ಆಳವಾಗುತ್ತಾ ಹೋದದ್ದು ಆ ಕರೆಂಟಿನ ಬಲದಲ್ಲಿ. ಮುಂದೆ ಅದೇ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಮೈಸೂರು ಸೀಮೆಯವರೇ ಆದ ಬಿ.ವಿ. ಶ್ರೀಕಂಠನ್ ಸೇರಿ, ಮ್ಯೂಯಾನ್ ಎಂಬ ಕಣಗಳನ್ನು ಎಣಿಸಿದರು. 1965ರಲ್ಲಿ ಅಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವೂ ಸಿಕ್ಕಿತು. ಮ್ಯೂಯಾನ್ ಹುಟ್ಟುವುದು ನಮ್ಮ ತಲೆಯ ಮೇಲೆ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ. ಅದರ ಸರಾಸರಿ ಆಯಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಪಾಲು. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ 660 ಮೀಟರ್ ಹೋಗಬಹುದು, ಆಮೇಲೆ ಕಥೆ ಮುಗಿಯಬೇಕು. ಆದರೂ ನೆಲ ಮುಟ್ಟುತ್ತವೆ, ಗಣಿಯೊಳಕ್ಕೂ ಇಳಿಯುತ್ತವೆ. ಯಾಕೆಂದರೆ ಅಷ್ಟು ವೇಗದಲ್ಲಿ ಅವುಗಳ ಗಡಿಯಾರ ನಮ್ಮ ಲೆಕ್ಕಕ್ಕೆ ತೀರಾ ನಿಧಾನವಾಗುತ್ತದೆ. ಈ ಸಾಲು ಓದುವಷ್ಟರಲ್ಲಿ ನಿಮ್ಮ ಅಂಗೈಯನ್ನು ಕೆಲವು ಮ್ಯೂಯಾನ್‌ಗಳು ದಾಟಿ ಹೋಗಿರುತ್ತವೆ.

ನಿಮ್ಮ ಫೋನಿನ ಮ್ಯಾಪ್ ಕೂಡ ಇದನ್ನು ಲೆಕ್ಕ ಹಾಕುತ್ತಲೇ ಇರುತ್ತದೆ. ಜಿಪಿಎಸ್ ಉಪಗ್ರಹದ ಗಡಿಯಾರ ವೇಗದಿಂದಾಗಿ ದಿನಕ್ಕೆ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಮೇಲೆ ಗುರುತ್ವ ಕಡಿಮೆ ಇರುವುದರಿಂದ 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಒಟ್ಟು 38 ಮೈಕ್ರೊಸೆಕೆಂಡ್ ಮುಂದೆ. ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ತಪ್ಪು. ಮದ್ದೂರು ವಡೆ ತಿನ್ನಲು ಹೊರಟವರು ಮಂಡ್ಯದ ಕಡೆ ಅರ್ಧ ದಾರಿಯಲ್ಲಿ ನಿಂತಿರುತ್ತಾರೆ. ನಮ್ಮದೇ 'ನಾವಿಕ್' ಉಪಗ್ರಹಗಳಿಗೂ ಇದೇ ಲೆಕ್ಕ. ಅವುಗಳ ಸಮಯ ನೋಡಿಕೊಳ್ಳುವ ಇಸ್ರೊ ಕೇಂದ್ರ ಇರುವುದು ಬೆಂಗಳೂರಿನ ಹೊರಗಿನ ಬ್ಯಾಲಾಳಿನಲ್ಲಿ.

ಹಿಂದಕ್ಕೆ ಹೋಗುವುದು? ಸಮೀಕರಣದ ಹಾಳೆಯ ಮೇಲೆ ಕೆಲವು ವಿಚಿತ್ರ ದಾರಿಗಳು ಕಾಣುತ್ತವೆ, ಭೌತವಿಜ್ಞಾನಿಗಳು ಅದರ ಬಗ್ಗೆ ಈಗಲೂ ಜಗಳವಾಡುತ್ತಾರೆ. ಆದರೆ ಒಂದು ಕಣವನ್ನಾದರೂ ನಿನ್ನೆಗೆ ಕಳಿಸಿದ ಪ್ರಯೋಗ ಇಲ್ಲ. ಎರಡನೇ ಭಾಗದ ಸಿನಿಮಾ ಸಿಕ್ಕಿಹಾಕಿಕೊಳ್ಳುವುದೂ ಇಲ್ಲೇ. ಜರ್ಮನಿ ಗೆದ್ದುಬಿಟ್ಟರೆ ಆ ಅಮೆರಿಕದ ವಿಮಾನವನ್ನು ಮುಂದೆ ತಯಾರಿಸುವವರು ಯಾರು?

ಇನ್ನು 'ವಯಸ್ಸು ಹಿಂದಕ್ಕೆ' ಹೋಗುವ ಮಷೀನ್

ಇಲ್ಲಿ ನಗುವ ಹಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಕಾನ್ಪುರದಿಂದ ಒಂದು ಪ್ರಕರಣ ವರದಿಯಾಯಿತು. ದಂಪತಿಯೊಂದು ಥೆರಪಿ ಸೆಂಟರ್ ತೆರೆದು, ಇಸ್ರೇಲಿನಿಂದ ತರಿಸಿದ 'ಟೈಮ್ ಮಷೀನ್' ಇದೆ, ಆಕ್ಸಿಜನ್ ಥೆರಪಿ ಕೊಟ್ಟು 60 ವರ್ಷದವರನ್ನು 25ರವರನ್ನಾಗಿ ಮಾಡುತ್ತೇವೆ ಎಂದು ನಂಬಿಸಿ, ಹತ್ತಾರು ವಯಸ್ಸಾದವರಿಂದ ಸುಮಾರು 35 ಕೋಟಿ ರೂಪಾಯಿ ಪಡೆದರು ಎಂಬುದು ಆರೋಪ. 10 ಸಲದ ಪ್ಯಾಕೇಜಿಗೆ 6,000 ರೂಪಾಯಿ, ಮೂರು ವರ್ಷದ್ದಕ್ಕೆ 90,000. ಇನ್ನೊಬ್ಬರನ್ನು ಸೇರಿಸಿದರೆ ರಿಯಾಯಿತಿ. ಪೊಲೀಸರು ಪ್ರಕರಣ ದಾಖಲಿಸಿದರು.

ಒತ್ತಡದ ಕೋಣೆಯಲ್ಲಿ ಆಕ್ಸಿಜನ್ ಕೊಡುವ ಚಿಕಿತ್ಸೆ ಆಸ್ಪತ್ರೆಗಳಲ್ಲಿ ಇರುವುದು ನಿಜ. ಆಳದ ನೀರಿನಿಂದ ಬೇಗ ಮೇಲೆ ಬಂದ ಮುಳುಗುಗಾರರಿಗೆ, ಕಾರ್ಬನ್ ಮೊನಾಕ್ಸೈಡ್ ವಿಷವೇರಿದವರಿಗೆ, ಸಕ್ಕರೆ ಕಾಯಿಲೆಯವರ ಕಾಲಿನ ವಾಸಿಯಾಗದ ಕೆಲವು ಹುಣ್ಣುಗಳಿಗೆ ವೈದ್ಯರು ಅದನ್ನು ಬರೆಯುತ್ತಾರೆ. ಕಿವಿ, ಶ್ವಾಸಕೋಶಕ್ಕೆ ತೊಂದರೆಯೂ ಆಗಬಹುದು, ಹಾಗಾಗಿ ವೈದ್ಯರ ಕಣ್ಣಮುಂದೆಯೇ ಆಗಬೇಕು. ಅದು ಯಾರನ್ನೂ 25ಕ್ಕೆ ಕರೆದೊಯ್ಯುವುದಿಲ್ಲ.

ಸೋಮನಹಳ್ಳಿಯ ಓದುಗರಿಗೆ ಇಷ್ಟನ್ನೂ ಕಳಿಸಿದೆವು. ಅಪ್ಪನಿಗೆ ಮೊದಲು ಎರಡನೇ ಭಾಗದ ಸಿನಿಮಾದ ಟ್ರೈಲರ್ ತೋರಿಸಿ, ಅದೇ ಬಾವುಟ, ಅದೇ ವಿಮಾನ ಕಂಡ ಮೇಲೆ ಮಷೀನಿನ ಮಾತು ತೆಗೆಯಿರಿ ಎಂದೆವು. 'ನೀವು ಮೋಸ ಹೋಗ್ತಿದ್ದೀರಿ' ಎಂದು ಶುರುಮಾಡಿದರೆ ಮನೆಯ ಹಿರಿಯರು ಕೇಳುವುದಿಲ್ಲ, ಇದು ನಮ್ಮ ಮನೆಗಳಲ್ಲೂ ಆಗಿದೆ. ಆ ಗ್ರೂಪಿನ ಲಿಂಕ್ ಒತ್ತಿ ಯಾರಾದರೂ ಈಗಾಗಲೇ ಹಣ ಕಳಿಸಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಇನ್ನೊಂದು ಖಾತೆಗೆ ಹೋಗುವ ಮೊದಲು ತಡೆಹಿಡಿಯಲು ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲಿ.