ಬಯಲುಸೀಮೆಯ ಮಕ್ಕಳಿಗೆ ಕಾಡಿನ ಪಾಠ

ಆಳಂದ, ಅಫಜಲಪುರ, ಜೇವರ್ಗಿಯ ಶಾಲೆಗಳಲ್ಲಿ ಏಳನೆಯ ತರಗತಿಗೆ ರಾಷ್ಟ್ರೀಯ ಉದ್ಯಾನಗಳ ಪಾಠ ಹೇಳುವುದು ಸುಲಭವಾಗಿರಲಿಲ್ಲ. ಎರೆಮಣ್ಣಿನ ತೊಗರಿ ಹೊಲಗಳ ನಡುವೆ ಬೆಳೆದ ಮಕ್ಕಳಿಗೆ ಕಾಡೆಂಬುದು ಬರಿಯ ಚಿತ್ರ. 1872ರಲ್ಲಿ ಅಮೆರಿಕೆಯಲ್ಲಿ ಯೆಲ್ಲೊಸ್ಟೋನ್ ಉದ್ಯಾನವಾದುದನ್ನೂ, 1931ರಲ್ಲಿ ಮೈಸೂರು ಅರಸರು ಬಂಡೀಪುರದ 90 ಚದರ ಕಿಲೋಮೀಟರ್ ಕಾಡನ್ನು ವನ್ಯಧಾಮವೆಂದು ಕಾದಿರಿಸಿದುದನ್ನೂ ಹೇಳಿ, ಬಳಿಕ ಊರಿನ ಗಾಯರಾಣಕ್ಕೆ ಬರುತ್ತಿದ್ದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ನೂರು ದನಗಳಿಗೆ 30 ಎಕರೆ ಗೋಮಾಳ ಬಿಡಬೇಕು. ಅದು ಒತ್ತುವರಿಯಾದರೆ ಮೊದಲು ಮೇವಿಲ್ಲದಾಗುವುದು ಹೊಲವಿಲ್ಲದವನ ಆಡಿಗೆ. ದೂರದ ಕಾಡಿಗೆ ಕಾವಲುಗಾರರಿದ್ದಾರೆ. ಗಾಯರಾಣಕ್ಕೆ ಊರವರ ಕಣ್ಣೇ ಕಾವಲು.

ನಮ್ಮ ಜಿಲ್ಲೆಯ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಪ್ರಿಯ ಶಿಷ್ಯರೇ, ನಿಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಊರ ಗಾಯರಾಣದ ಎಲ್ಲೆಕಲ್ಲುಗಳನ್ನೂ ತಪ್ಪದೆ ತೋರಿಸಿರಿ.