ಚಳಿಗಾಲದ ದೋಣಿ, ಕಾಫಿ ಅಂಗಡಿಯ ವಿಮೆ

ಕಳೆದ ಸೆಪ್ಟೆಂಬರಿನಲ್ಲಿ ವಿಮಾ ಕಂಪನಿಯಿಂದ ನಮಗೊಂದು ನಮೂನೆ ಬಂತು. ಇನ್ನೆರಡು ಕುಟುಂಬಗಳೊಡನೆ ಪಾಲಿನಲ್ಲಿ ಕೊಂಡ ನಮ್ಮ ಹಳೆಯ ಹಾಯಿದೋಣಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ನದೀಮುಖವೊಂದರಲ್ಲಿದೆ. ಚಳಿಗಾಲದಲ್ಲೂ ಅದು ನೀರಿನಲ್ಲೇ ಇರುವುದಾದರೆ, ಹಿಡಿದಿರುವ ಸರಪಳಿಯನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ ಎಂದು ಕೇಳಿದ್ದರು. “ಪ್ರತಿವರ್ಷ” ಎಂದು ಬರೆಯಹೊರಟ ಕೈ ಅಲ್ಲೇ ತಡೆಯಿತು. ನಾವು ಒಮ್ಮೆಯೂ ನೋಡಿರಲಿಲ್ಲ. ಈ ಪ್ರಶ್ನೆಯ ಹಿಂದಿನ ಚರಿತ್ರೆಯನ್ನು ಓದಿದಾಗ, ಸಂಘದ ಬಂಧುಗಳಿಗೂ ಹೇಳಬೇಕೆನಿಸಿತು.

ದೋಣಿ ಕಟ್ಟುವ ಈ ಕ್ರಮಕ್ಕೆ ಇಲ್ಲಿ ಸ್ವಿಂಗಿಂಗ್ ಮೂರಿಂಗ್ ಎನ್ನುತ್ತಾರೆ. ನೀರಿನ ತಳದಲ್ಲಿ ಭಾರವಾದ ಕಾಂಕ್ರೀಟ್ ದಿಮ್ಮಿ, ಅದಕ್ಕೆ ಸರಪಳಿ, ಮೇಲೆ ತೇಲುಗುಂಡು. ದೋಣಿಯ ಮೂತಿಯನ್ನಷ್ಟೇ ಅದಕ್ಕೆ ಕಟ್ಟುವುದು. ಗೂಟಕ್ಕೆ ಕಟ್ಟಿದ ಹಸುವಿನಂತೆ ದೋಣಿ ಗಾಳಿ ಬೀಸಿದತ್ತ, ನೀರು ಎಳೆದತ್ತ ಸುತ್ತುತ್ತಿರುತ್ತದೆ. ಖರ್ಚು ಕಡಿಮೆ. ಆದರೆ ಚಳಿಗಾಲದಲ್ಲಿ ಅತ್ತ ಸುಳಿಯುವವರೂ ಕಡಿಮೆ.

ಕಡಲಿನ ಅಪಾಯಕ್ಕೆ ಬೆಲೆ ಕಟ್ಟುವುದು ನಮ್ಮವರಿಗೂ ಹೊಸದಲ್ಲ. ಯಾಜ್ಞವಲ್ಕ್ಯ ಸ್ಮೃತಿಯು ಕಾಡುದಾರಿಯ ವ್ಯಾಪಾರಿಗೆ ತಿಂಗಳಿಗೆ ನೂರಕ್ಕೆ 10, ಕಡಲ ವ್ಯಾಪಾರಿಗೆ 20ರಂತೆ ಬಡ್ಡಿ ಹೇಳುತ್ತದೆ. ಅಸಲೇ ಮುಳುಗುವ ಭಯವಿರುವುದರಿಂದ ಈ ದರ ಎಂದು ವಿವರಿಸಿದವನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ, ತನ್ನ ಮಿತಾಕ್ಷರದಲ್ಲಿ. ಅದು ಸಾಲ, ವಿಮೆಯಲ್ಲ. ಲೆಕ್ಕಾಚಾರ ಮಾತ್ರ ಒಂದೇ ಜಾತಿಯದು.

ಲಂಡನ್ನಿನಲ್ಲಿ ಈ ವ್ಯವಹಾರ ನೆಲೆಯೂರಿದ್ದು ಕಾಫಿ ಅಂಗಡಿಯಲ್ಲಿ. 1688ರ ಹೊತ್ತಿಗೆ ಟವರ್ ಸ್ಟ್ರೀಟಿನಲ್ಲಿದ್ದು 1691ರಲ್ಲಿ ಲಂಬಾರ್ಡ್ ಸ್ಟ್ರೀಟಿಗೆ ಹೋದ ಎಡ್ವರ್ಡ್ ಲಾಯ್ಡನ ಅಂಗಡಿಗೆ ಹಡಗಿನ ಮಾಲೀಕರೂ ವರ್ತಕರೂ ಬರುತ್ತಿದ್ದರು. ಅಪಾಯದಲ್ಲಿ ಪಾಲು ಹೊರುವವನು ಪತ್ರದ ಕೆಳಗೆ ತನ್ನ ಹೆಸರನ್ನೂ ಮೊತ್ತವನ್ನೂ ಬರೆಯುತ್ತಿದ್ದ. ಅಂಡರ್‌ರೈಟರ್ ಎಂಬ ಹೆಸರು ಬಂದದ್ದು ಹಾಗೆ. ಕಾಫಿ ಕುಡಿಯುತ್ತ ಕುಳಿತವನಿಗೆ ದೂರದ ಹಡಗಿನ ಸ್ಥಿತಿ ಹೇಗೆ ತಿಳಿಯಬೇಕು? ಮಾಲೀಕನ ಮಾತೇ ಆಧಾರ. ಆದ್ದರಿಂದಲೇ ವಿಮೆಗೆ ಪರಿಪೂರ್ಣ ಪ್ರಾಮಾಣಿಕತೆ ಬೇಕು ಎಂಬ ತತ್ತ್ವವನ್ನು 1766ರಲ್ಲಿ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಸ್ಪಷ್ಟಪಡಿಸಿದ. ವಿಚಿತ್ರವೆಂದರೆ, ಆ ಮೊಕದ್ದಮೆ ಹಡಗಿನದಲ್ಲ, ಸುಮಾತ್ರಾದ ಕೋಟೆಯೊಂದರದು.

1906ರ ಕಡಲ ವಿಮಾ ಕಾಯಿದೆ ಇನ್ನೊಂದು ಗೆರೆ ಎಳೆಯಿತು. ಕಡಲ ಅಪಾಯವೆಂದರೆ ಆಕಸ್ಮಿಕವಾದದ್ದು. ಗಾಳಿ ಅಲೆಗಳ ದಿನನಿತ್ಯದ ಕೆಲಸ ಅದರಲ್ಲಿ ಸೇರುವುದಿಲ್ಲ. ಪಾಲಿಸಿಯಲ್ಲಿ ಬೇರೆ ಮಾತಿಲ್ಲದಿದ್ದರೆ ಸಾಮಾನ್ಯ ಸವೆತಕ್ಕೆ ವಿಮೆಗಾರ ಹೊಣೆಯಲ್ಲ. ಭಾರತದ 1963ರ ಕಡಲ ವಿಮಾ ಕಾಯಿದೆಯೂ ಇದೇ ಅಚ್ಚಿನದು.

ಸರಪಳಿಯ ಗೋಳು ಇರುವುದು ಸರಿಯಾಗಿ ಆ ಗೆರೆಯ ಮೇಲೆ. ಹಡಗಿನ ತಾಮ್ರದ ಹೊದಿಕೆಯನ್ನು ಸತು ಅಥವಾ ಕಬ್ಬಿಣದ ತುಂಡಿನಿಂದ ಕಾಪಾಡಬಹುದೆಂದು ಹಂಫ್ರಿ ಡೇವಿ 1824ರಲ್ಲಿ ತೋರಿಸಿದ. ಕಾಯುವ ಲೋಹ ತಾನು ಮೊದಲು ಕರಗುತ್ತದೆ. ಕಬ್ಬಿಣದ ಸರಪಳಿಗೆ ಸತುವಿನ ಲೇಪ ಕೊಡುವುದೂ ಇದೇ ನಂಬಿಕೆಯಿಂದ. ಆದರೆ ದಿನಕ್ಕೆ ಎರಡು ಸಲದಂತೆ, ನವೆಂಬರಿನಿಂದ ಮಾರ್ಚಿಯೊಳಗೆ ಸುಮಾರು 300 ಉಬ್ಬರವಿಳಿತಗಳು. ಸರಪಳಿ ತಳವನ್ನು ಮುಟ್ಟುವ ಜಾಗದಲ್ಲಿ ಮರಳು ಲೇಪವನ್ನು ಉಜ್ಜುತ್ತದೆ, ಕೊಂಡಿ ಕೊಂಡಿಯನ್ನು ತಿನ್ನುತ್ತದೆ, ಉಪ್ಪುನೀರು ಉಳಿದದ್ದನ್ನು ಮುಗಿಸುತ್ತದೆ. 1987ರ ಅಕ್ಟೋಬರ್ 15-16ರ ರಾತ್ರಿಯ ಬಿರುಗಾಳಿಯಲ್ಲಿ ದಕ್ಷಿಣ ಇಂಗ್ಲೆಂಡಿನ ಎಷ್ಟೋ ದೋಣಿಗಳು ಕಟ್ಟು ಹರಿದುಕೊಂಡು ದಡಕ್ಕೆ ಬಿದ್ದವು. ಬಿರುಗಾಳಿ ಆಕಸ್ಮಿಕವೇ ಸರಿ. ಆದರೆ ಮೊದಲೇ ಅರ್ಧ ಸವೆದಿದ್ದ ಕೊಂಡಿ ಹರಿದರೆ ಕಾರಣ ಗಾಳಿಯೋ ನಮ್ಮ ಉದಾಸೀನವೋ? ಜಗಳ ಹುಟ್ಟುವುದು ಅಲ್ಲೇ.

ಒಂದು ಕಾಲಕ್ಕೆ, ಕೇಳದಿದ್ದರೂ ಮುಖ್ಯ ಸಂಗತಿಗಳನ್ನೆಲ್ಲ ವಿಮೆ ಮಾಡಿಸುವವನೇ ಹೇಳಬೇಕಿತ್ತು. ನಮ್ಮಂಥ ಖಾಸಗಿ ಗ್ರಾಹಕರ ಮಟ್ಟಿಗೆ 2012ರ ಕಾಯಿದೆ ಆ ಹೊರೆ ಇಳಿಸಿತು. ಕೇಳಿದ ಪ್ರಶ್ನೆಗೆ ಎಚ್ಚರದಿಂದ ಉತ್ತರಿಸಿದರೆ ಸಾಕು. ಆದರೆ ನೋಡದೆ “ಪ್ರತಿವರ್ಷ” ಎಂದು ಬರೆದರೆ ಅದು ಎಚ್ಚರವೇ?

ನಮೂನೆಯನ್ನು ಬದಿಗಿಟ್ಟು ಸರಪಳಿಯನ್ನು ಮೇಲೆತ್ತಿಸಿದೆವು. ಪಾಚಿ ಕೆರೆದು ನೋಡಿದರೆ, ಮಧ್ಯದ ಮೂರು ಕೊಂಡಿಗಳು ಅರ್ಧದಷ್ಟೂ ಉಳಿದಿರಲಿಲ್ಲ. ಹಿಂದಿನ ಎರಡು ಚಳಿಗಾಲ ನಮ್ಮ ದೋಣಿ ನಿಂತಿದ್ದು ಅವುಗಳ ಮೇಲೆ. ಬೇಸಿಗೆಯಲ್ಲಿ ಅದರೊಳಗೆ ಮಕ್ಕಳೂ ಮಲಗಿದ್ದರು! ಹೊಸ ಸರಪಳಿಯ ಖರ್ಚನ್ನು ಮೂರು ಮನೆಯವರು ಹಂಚಿಕೊಂಡೆವು. ಆಮೇಲೆಯೇ ನಮೂನೆಯಲ್ಲಿ ತಾರೀಖು ಬರೆದದ್ದು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಬೇಡ. ದೋಣಿಯಿಲ್ಲದ ಮನೆಗೂ ವಿಮೆಯ ನಮೂನೆಗಳು ಬಂದೇ ಬರುತ್ತವೆ. ಬರೆಯುವ ಮೊದಲು ಒಮ್ಮೆ ಎದ್ದು ಹೋಗಿ ನೋಡಿ ಬರೋಣ.